ಅಪ್ಪನ ಊಟದ ಪುಸ್ತಕದಲ್ಲಿ ಬರೆಯದ್ದು

ಮಾರ್ಚ್ 3, ಸೋಮವಾರ

ಎರಡು ನೋಟ್‌ಬುಕ್ ತಂದೆ. ಒಂದು ಅಪ್ಪನ ಊಟದ ಪುಸ್ತಕ. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಮೇಡಂ ಕಟ್ಟಪ್ಪಣೆ ಮಾಡಿ ಹೋಗಿದ್ದಾರೆ: ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ, ಕೆಮ್ಮು ಬಂತೇ, ಕೊಟ್ಟವರ ಸಹಿ. ಅದಕ್ಕೆ ದಾರ ಕಟ್ಟಿ ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಇನ್ನೊಂದು ಇದು. ಇದಕ್ಕೆ ಯಾರ ಸಹಿಯೂ ಬೇಡ. ದಿನವೆಲ್ಲ ಲಿಫ್ಟ್ ರಿಪೇರಿ, ಸಂಜೆಯೆಲ್ಲ ಅಪ್ಪ. ನಡುವೆ ನನ್ನ ಗೊಣಗಾಟ ಕೇಳಿಸಿಕೊಳ್ಳಲು ಕಾಗದವಾದರೂ ಇರಲಿ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮೂರು ತಿಂಗಳಾಯಿತು. ಬಲಗೈ ಬಲಗಾಲು ಬಿದ್ದುಹೋಗಿವೆ. ಮಾತಿನಲ್ಲಿ ಉಳಿದಿರುವುದು ಹತ್ತು ಹನ್ನೆರಡು ಪದ, ಅದೂ ಮನಸ್ಸು ಬಂದರೆ. ಗಂಟಲು ತನ್ನ ಕೆಲಸ ಮರೆತಿದೆ. ತಿಂದದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು, ಇಳಿದರೆ ನ್ಯುಮೋನಿಯಾ. ಹಾಗಾಗಿ ಎಲ್ಲವೂ ನುಣ್ಣಗೆ ಅರೆದದ್ದೇ. ನಲವತ್ತೆಂಟು ವರ್ಷ ಮಾಂಸದಂಗಡಿ ನಡೆಸಿದವನಿಗೆ ಈಗ ಮೂರು ಹೊತ್ತೂ ಗಂಜಿ, ಇಲ್ಲವೇ ತರಕಾರಿ ಬೇಯಿಸಿ ರುಬ್ಬಿದ್ದು.

ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಏಜೆನ್ಸಿಯವರು ಕಳಿಸಿದ ಹೆಂಗಸೊಬ್ಬಳು ನೋಡಿಕೊಳ್ಳುತ್ತಾಳೆ. ನಾನು ಮನಸ್ಸಿನಲ್ಲೇ ಗಡಿಯಾರಮ್ಮ ಎಂದು ಹೆಸರಿಟ್ಟಿದ್ದೇನೆ. ಎಂಟಕ್ಕೆ ಒಂದು ನಿಮಿಷ ಇರುವಾಗ ಬೆಲ್ಲು ಹೊಡೆಯುತ್ತಾಳೆ. ಚಮಚಕ್ಕೂ ಚಮಚಕ್ಕೂ ನಡುವೆ ಬಾಯಲ್ಲೇ ಎಣಿಸುತ್ತಾಳೆ. "ಅಣ್ಣಾ, ಅವಸರ ಮಾಡ್ಬೇಡಿ. ಗಂಟಲು ಮೇಲೆ ಹೋಗಿ ಕೆಳಗೆ ಬರ್ಬೇಕು, ಆಮೇಲೆ ಮುಂದಿನ ಚಮಚ" ಎಂದು ನನಗೇ ಪಾಠ. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಆದರೂ ನಾನು ಅವಳಿಗೆ ಅಣ್ಣ.

ಅಕ್ಕ ಫೋನ್ ಮಾಡಿದ್ದಳು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಅಪ್ಪನನ್ನೂ ನನ್ನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಗದರುತ್ತಾಳೆ. "ನಿನ್ನ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಬಾಯಿಬಿಟ್ಟು ಹೇಳು. ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆಗೆ ಹೇಳಿಟ್ಟಿದ್ದೀನಿ. ಒಂದೇ ಒಂದು ಎಡವಟ್ಟಾದ್ರೂ ಅಪ್ಪ ಅಲ್ಲಿಗೆ." ಫೋನು ಸ್ಪೀಕರಿನಲ್ಲಿತ್ತು. ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ.

ಮಾರ್ಚ್ 6, ಗುರುವಾರ

ಇವತ್ತು ತಪ್ಪೋ ಸರಿಯೋ ಒಂದು ಕೆಲಸ ಮಾಡಿದೆ. ಎರಕದ ಕಬ್ಬಿಣದ ಗ್ರಿಲ್ ಪ್ಯಾನ್ ತಂದೆ. ತಳದಲ್ಲಿ ಉದ್ದುದ್ದ ಗೆರೆಗಳು ಎದ್ದಿವೆ. ತೂಕ ನೋಡಿದರೆ ಲಿಫ್ಟಿನ ಯಾವುದೋ ಬಿಡಿಭಾಗದಂತಿದೆ. ಮೊದಲೆಲ್ಲ ಕೆಲಸ ಮುಗಿಸಿ ಬರುವಾಗ ಮೂಲೆಯ ಹೋಟೆಲಿನಲ್ಲಿ ಸುಟ್ಟ ಮಾಂಸ ತಿಂದು ಬರುತ್ತಿದ್ದೆ. ಈಗ ಆರಕ್ಕೆ ಗಡಿಯಾರಮ್ಮ ಚಪ್ಪಲಿ ಮೆಟ್ಟಿರುತ್ತಾಳೆ, ನಾನು ಬಾಗಿಲಲ್ಲಿ ಇರಲೇಬೇಕು. ಮೂರು ತಿಂಗಳಿಂದ ನಾನೂ ಗಂಜಿಯೇ. ನನ್ನ ಗಂಟಲಿಗೇನು ರೋಗ?

ಅಪ್ಪನಿಗೆ ಊಟ ಮಾಡಿಸಿ ಅಡುಗೆಮನೆ ಬಾಗಿಲು ಹಾಕಿಕೊಂಡೆ. ಪ್ಯಾನಿಗೆ ಎಣ್ಣೆ ಸುರಿದು ಕುರಿಯ ಪಕ್ಕೆಲುಬಿನ ಎರಡು ತುಂಡು ಹಾಕಿದೆ. ಐದು ನಿಮಿಷಕ್ಕೆ ನನ್ನ ಕೈ ನನಗೇ ಕಾಣದಷ್ಟು ಹೊಗೆ. ಕಿಟಕಿ ಇರುವುದು ಒಂದೇ, ಅದೂ ಪೈಪುಗಳ ಸಂದಿಗೆ ತೆರೆಯುತ್ತದೆ. ಮೇಲಿನ ಮನೆಯ ದರ್ಜಿ ಓಡಿಬಂದು, "ಏನ್ರೀ, ಬೆಂಕಿ ಹತ್ಕೊಂಡಿದ್ಯಾ?" ಎಂದ. "ಇಲ್ಲ, ಅಡುಗೆ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆಂಕಿನೇ ವಾಸಿ" ಎಂದು ಹೋದ.

ಮಾಂಸ ಹೊರಗೆ ಕರಕಲು, ಒಳಗೆ ಹಸಿ. ನಿಂತುಕೊಂಡೇ, ಕದ್ದು ತಿನ್ನುವವನ ಹಾಗೆ ತಿಂದೆ. ಬಾಗಿಲು ತೆಗೆದಾಗ ಅಪ್ಪ ಎಚ್ಚರವಾಗಿದ್ದ, ಮೂಗಿನ ಹೊಳ್ಳೆ ಅರಳಿತ್ತು. ನಾನು ಬಾಯಿ ಒರೆಸಿಕೊಂಡೆ.

ಮಾರ್ಚ್ 11, ಮಂಗಳವಾರ

ಇವತ್ತು ಮತ್ತೆ ಮಾಡಿದೆ. ಎಣ್ಣೆ ಬಾಟಲಿ ಕೈಗೆತ್ತಿಕೊಂಡಿದ್ದೆ ಅಷ್ಟೇ, ಪಕ್ಕದ ಕೋಣೆಯಿಂದ ನೋಡುತ್ತಿದ್ದ ಅಪ್ಪನ ದನಿ: "ಬೇಡ."

ಹೋದೆ. ಬಾಟಲಿ ತೋರಿಸಿ, "ಎಣ್ಣೆ ಬೇಡ್ವಾ?" ಎಂದೆ. ಎಡಗೈಯಿಂದ ನನ್ನ ಮುಂಗೈಯನ್ನು ಸವರಿದ. ಮೊದಲು ಏನೂ ತಿಳಿಯಲಿಲ್ಲ. ಮತ್ತೆ ಸವರಿದ, ಮೇಲಿಂದ ಕೆಳಗೆ, ತೆಳ್ಳಗೆ. ಎಣ್ಣೆ ಪ್ಯಾನಿಗಲ್ಲ, ಮಾಂಸಕ್ಕೆ! ಆಮೇಲೆ ಹೊದಿಕೆಯ ಅಂಚು ಹಿಡಿದು ಒತ್ತಿ ತೋರಿಸಿದ. ಮೊದಲು ಬಟ್ಟೆಯಿಂದ ಮಾಂಸದ ನೀರು ಒತ್ತಿ ತೆಗೆ ಎಂದು. ಹಾಗೇ ಮಾಡಿದೆ. ಪ್ಯಾನು ಒಣಗಿದ್ದಂತೆಯೇ ಚೆನ್ನಾಗಿ ಕಾಯಿಸಿದೆ. ಮಾಂಸ ಬಿದ್ದಾಗ ಚುಂಯ್ ಎಂದ ಸದ್ದೇ ಬೇರೆ. ತಿರುವೋಣ ಎಂದು ಇಕ್ಕಳ ಹಿಡಿದರೆ ಮತ್ತೆ "ಬೇಡ." ಬಾಗಿಲು ತೆರೆದೇ ಇಟ್ಟಿದ್ದೆ. ಅಪ್ಪ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಸದ್ದು ಸ್ವಲ್ಪ ತಗ್ಗಿತು. ಆಗ ಮಂಚದ ಸರಳಿಗೆ ಬೆರಳಿನಿಂದ ಟಕ್ ಎಂದು ಒಂದು ಸಲ ಬಡಿದ. ತಿರುವಿದೆ. ಅಂಟಿಕೊಳ್ಳದೆ ತಾನಾಗಿ ಎದ್ದು ಬಂತು, ಮೇಲೆ ಬರೆ ಎಳೆದಂತೆ ಕಪ್ಪು ಗೆರೆಗಳು. ಎರಡು ಸಲ ಬಡಿದಾಗ ಒಲೆ ಆರಿಸಿದೆ.

ಹೊಗೆ ಕಾಲು ಭಾಗವೂ ಇಲ್ಲ. ದರ್ಜಿ ಇಳಿದು ಬರಲಿಲ್ಲ.

ನಾನು ಹದಿನಾರು ವರ್ಷದವನಿದ್ದಾಗ ಅಂಗಡಿಗೆ ಬರುವುದಿಲ್ಲ ಎಂದು ಹಟ ಹಿಡಿದವನು. ಅಪ್ಪ ಅಂದಿನಿಂದ ನನಗೆ ಏನನ್ನೂ ಕಲಿಸಲು ಬಂದವನಲ್ಲ. ಇವತ್ತು ಕಲಿಸಿದ. ಸಂತೋಷವಾಯಿತು, ಸುಳ್ಳೇಕೆ. ಆದರೆ ತಟ್ಟೆ ಹಿಡಿದು ಎಲ್ಲಿ ಕೂರಲಿ? ಅವನ ಎದುರು ಕೂತರೆ ಹಿಂಸೆ, ಬೇರೆ ಕೋಣೆಗೆ ಹೋದರೆ ಮೋಸ. ಕೊನೆಗೆ ಬಾಗಿಲಲ್ಲಿ ನಿಂತು ತಿಂದೆ.

ಮಾರ್ಚ್ 14, ಶುಕ್ರವಾರ

ನಿನ್ನೆ ರಾತ್ರಿ ಮಾಂಸ ಸುಡುವಾಗ ಅಪ್ಪನ ಬಾಯಲ್ಲಿ ನೀರೂರಿ ಗಲ್ಲದ ಮೇಲೆ ಇಳಿಯಿತು. ಒರೆಸಿದೆ. "ಒಂದು" ಎಂದ.

"ಇಲ್ಲಪ್ಪ."

"ಒಂದು."

"ಮೇಡಂ ನನ್ನ ಚರ್ಮ ಸುಲಿತಾರೆ" ಎಂದು ನಗೆಯಾಡಿದೆ. ಅವನು ನಗಲಿಲ್ಲ. ತಿನ್ನಲಾಗದೆ ಡಬ್ಬಿಗೆ ಹಾಕಿ ಇವತ್ತು ಕೆಲಸಕ್ಕೆ ಒಯ್ದೆ. ನಮ್ಮ ಮೇಸ್ತ್ರಿ ಅರ್ಧ ತಿಂದು, "ಯಾವ ಹೋಟ್ಲು?" ಎಂದು ಕೇಳಿದ. ನಾನೇ ಮಾಡಿದ್ದು ಎಂದರೆ ನಂಬಲಿಲ್ಲ.

ಇನ್ನು ಮನೆಯಲ್ಲಿ ಮಾಡಬಾರದು. ನಾಳೆಯಿಂದ ಇಲ್ಲ.

ಮಾರ್ಚ್ 19, ಬುಧವಾರ

ಬೆಳಗ್ಗೆಯಿಂದ ಅಪ್ಪ ಸರಿಯಾಗಿ ಬಾಯಿ ತೆರೆದಿಲ್ಲವಂತೆ. ಗಡಿಯಾರಮ್ಮ ಪುಸ್ತಕದಲ್ಲಿ ಬರೆದಿದ್ದಳು: "ಮಧ್ಯಾಹ್ನ ಎರಡು ಚಮಚ. ಬಾಯಿ ಮುಚ್ಚಿಕೊಂಡರು. ಒತ್ತಾಯ ಮಾಡಲಿಲ್ಲ." ಹೋಗುವಾಗ ಹೇಳಿದಳು, "ಮನಸ್ಸಿಗೆ ಏನೋ ಹತ್ತಿದೆ ಅಣ್ಣ, ಹೊಟ್ಟೆಗಲ್ಲ. ಮಾತಾಡ್ಸಿ." ನಾನು ಮಾತಾಡಿಸುವ ಬದಲು ಪ್ಯಾನ್ ಇಟ್ಟೆ.

ಬರೆದೇ ಬಿಡುತ್ತೇನೆ. ಕೊಟ್ಟೆ. ಹೆಬ್ಬೆರಳಿನ ಉಗುರಿನಷ್ಟು, ಮೂಳೆ ಪಕ್ಕದ ಮೆತ್ತನೆಯದು. ಅಗಿದು ರಸ ಕುಡಿ, ಚೂರು ಉಗಿ ಎಂದು ಹೇಳಿ ಅಂಗೈ ಚಾಚಿದೆ. ಅಪ್ಪ ಕಣ್ಣು ಮುಚ್ಚಿದ. ಎಡದವಡೆಯಲ್ಲಿ ಎಷ್ಟು ಹೊತ್ತು ಅಗಿದನೆಂದರೆ ನನಗೇ ಬಾಯಿ ನೋಯತೊಡಗಿತು. ಅಂಗೈಗೆ ಉಗಿದ. ಆಮೇಲೆ ನಕ್ಕ. ಮೂರು ತಿಂಗಳಲ್ಲಿ ಮೊದಲ ಸಲ, ಮುಖದ ಅರ್ಧ ಭಾಗದಲ್ಲಿ. ಆ ನಗು ನೋಡಿ ಇನ್ನೊಂದು ಕೊಟ್ಟೆ. ಎರಡನೆಯದು ಅಂಗೈಗೆ ಪೂರ್ತಿ ಬರಲಿಲ್ಲ. ಕೆಮ್ಮಿದ. ಮುಖ ಕೆಂಪೇರಿತು. ಬೆನ್ನು ಸವರಿದೆ, ಸುಮ್ಮನಾದ. ಆಮೇಲೆ ರುಬ್ಬಿದ ತರಕಾರಿಯನ್ನು ತಕರಾರಿಲ್ಲದೆ ಒಂದು ಬಟ್ಟಲು ತಿಂದ.

ಪುಸ್ತಕದಲ್ಲಿ ಬರೆದೆ: "ಸಂಜೆ 7.30. ತರಕಾರಿ, ಒಂದು ಬಟ್ಟಲು. ಕೆಮ್ಮು ಇಲ್ಲ. ತೊಂದರೆ ಇಲ್ಲ." ಸಹಿ ಹಾಕಿದೆ.

ಸಾವಿರಾರು ಸಲ ಲಿಫ್ಟಿನ ದಾಖಲೆಗೆ ಸಹಿ ಹಾಕಿದ ಕೈ. ನಡುಗಲೇ ಇಲ್ಲ.

ಮಾರ್ಚ್ 20, ಗುರುವಾರ

ಆಸ್ಪತ್ರೆ. ಹನ್ನೊಂದು ಗಂಟೆಗೆ ಜ್ವರ, ಏದುಸಿರು. ಗಡಿಯಾರಮ್ಮನೇ ಆಂಬುಲೆನ್ಸ್ ಕರೆಸಿದ್ದಳು. ನಾನು ಎರಡು ಮಹಡಿಗಳ ನಡುವೆ ಲಿಫ್ಟಿನ ನೆತ್ತಿಯ ಮೇಲೆ ನಿಂತಿದ್ದೆ, ಫೋನು ಕೇಳಿಸಲಿಲ್ಲ. ಬರುವ ಹೊತ್ತಿಗೆ ಮೂಗಿಗೆ ನಳಿಗೆ ಹಾಕಿದ್ದರು.

ಎಡವಟ್ಟು ಆಯಿತು. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಮಾರ್ಚ್ 23, ಭಾನುವಾರ

ಅಪ್ಪ ಉಳಿದ. ಡಾಕ್ಟರು ಹೇಳಿದರು, ಆಹಾರ ಶ್ವಾಸಕೋಶಕ್ಕೆ ಹೋಗಿದೆ, ಹಿಂದಿನ ಒಂದೆರಡು ದಿನ ಯಾರು ಏನು ಕೊಟ್ಟರು ನೋಡಿ ಅಂತ. ಅಕ್ಕ ಮನೆಗೆ ಹೋಗಿ ಮೊಳೆಯಿಂದ ಪುಸ್ತಕ ಬಿಚ್ಚಿಕೊಂಡು ಬಂದಳು. ಕೆಂಪು ಪೆನ್ನು ಅವಳ ಕೈಯಲ್ಲೇ ಹುಟ್ಟಿದ್ದು. ನನ್ನ ಸಾಲು ಓದಿದಳು: ಕೆಮ್ಮು ಇಲ್ಲ, ತೊಂದರೆ ಇಲ್ಲ. ಕೆಳಗೆ ಗಡಿಯಾರಮ್ಮನದು: "ಬೆಳಗ್ಗೆ 8.40. ಗಂಜಿ, ಮುಕ್ಕಾಲು ಬಟ್ಟಲು. ಎರಡು ಸಲ ಕೆಮ್ಮಿದರು. ನಿಲ್ಲಿಸಿದೆ." ಅದರ ಕೆಳಗೆ ಗೆರೆ ಎಳೆದಳು.

ಸುಳ್ಳು ಬರೆದವನು ಪಾರಾದೆ. ಇದ್ದದ್ದನ್ನು ಇದ್ದ ಹಾಗೆ ಬರೆದವಳು ಸಿಕ್ಕಿಬಿದ್ದಳು.

ಅವಳನ್ನು ವಾರ್ಡಿಗೆ ಕರೆಸಿದ್ದರು. ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. "ನಾನು ಅವಸರ ಮಾಡಿಲ್ಲ ಮೇಡಂ. ಎಣಿಸಿಕೊಂಡೇ ಕೊಟ್ಟಿದ್ದೀನಿ" ಎಂದಳು. ಅಕ್ಕ ಅಪ್ಪನ ಕಡೆ ಬಾಗಿ, ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದಳು: "ಅಪ್ಪಾ, ಇವಳು ಅವತ್ತು ಗಂಜಿನ ಗಡಿಬಿಡೀಲಿ ತುರುಕಿದ್ಲಾ?"

ಅಪ್ಪ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಅಪ್ಪ ಹೌದೆಂದು ತಲೆಯಾಡಿಸಿದ.

ಜೀವಮಾನದಲ್ಲಿ ಒಂದು ಗ್ರಾಂ ತೂಕಕ್ಕೂ ಸುಳ್ಳಾಡದವನು ನನಗೋಸ್ಕರ ಸುಳ್ಳಾಡಿದ. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಆದರೆ ನನ್ನ ಬಾಯಿಯೇ ಬಿಡಲಿಲ್ಲ. ಗಡಿಯಾರಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಸಿಟ್ಟಿನಿಂದಲ್ಲ. ಏನೋ ಹೇಳುತ್ತೇನೆಂದು ಕಾದ ಹಾಗೆ. ಆಮೇಲೆ, "ಬರ್ತೀನಿ ಯಜಮಾನ್ರೇ" ಎಂದು ಅಪ್ಪನ ಕಾಲ ಮೇಲಿನ ಹೊದಿಕೆ ಸರಿಮಾಡಿ ಹೋದಳು.

ಅಕ್ಕ ಅಲ್ಲಿಂದಲೇ ಏಜೆನ್ಸಿಗೆ ದೂರು ಕಳಿಸಿದಳು.

ಮಾರ್ಚ್ 26, ಬುಧವಾರ

ಯೋಚಿಸಿ ನೋಡಿದರೆ, ಗಂಜಿಯಿಂದಲೂ ಆಗಿರಬಹುದು. ಡಾಕ್ಟರೇನು ಶ್ವಾಸಕೋಶದೊಳಗೆ ಇಣುಕಿ ಮಾಂಸ ಎಂದು ಹೇಳಿದರೇ? ಅವಳು ಎರಡು ಸಲ ಕೆಮ್ಮಿದರು ಎಂದು ತಾನೇ ಬರೆದಿದ್ದಾಳೆ. ಅನುಭವ ಇರುವವಳು, ಏಜೆನ್ಸಿಯವರು ಇನ್ನೊಂದು ಮನೆ ಕೊಡುತ್ತಾರೆ. ನಾನು ಬಾಯಿಬಿಟ್ಟರೆ ಅಪ್ಪ ಆರೈಕೆ ಕೇಂದ್ರಕ್ಕೆ. ಯಾರಿಗೆ ಹೆಚ್ಚು ನಷ್ಟ?

ಮೇಲಿನದನ್ನು ಈಗ ಓದಿದೆ. ವಕೀಲ ಬರೆದಂತಿದೆ.

ಏಪ್ರಿಲ್ 2, ಬುಧವಾರ

ಹನ್ನೆರಡು ಮಹಡಿಯ ಕಟ್ಟಡ. ನಿನ್ನೆ ಲಿಫ್ಟ್ ಏಳನೆಯ ಮಹಡಿಯಲ್ಲಿ ಬಾಗಿಲು ತೆರೆದುಕೊಂಡೇ ಒಂದು ಗೇಣು ಏರಿತ್ತು. ಸದ್ಯ, ಯಾರೂ ಕಾಲಿಟ್ಟಿರಲಿಲ್ಲ. ಮೇಸ್ತ್ರಿ ಹೋಗಿ ಬಾಗಿಲಿನ ಸ್ವಿಚ್ಚು ನೋಡಿ ಬಂದು, ಊಟದ ಡಬ್ಬಿ ಬಿಚ್ಚುವ ಮೊದಲೇ ದಾಖಲೆ ಪುಸ್ತಕ ತೆಗೆದು ಬರೆದ: "ಕಳೆದ ಸಲ ಸ್ಕ್ರೂ ಬಿಗಿ ಮಾಡುವುದನ್ನು ನಾನು ಮರೆತಿದ್ದೆ." ಸಹಿ.

"ಎರಡು ದಿನ ಬಿಟ್ಟು ಬರೆದ್ರೆ ಆಗ್ತಿರ್ಲಿಲ್ವಾ? ಯಾರು ಕೇಳ್ತಿದ್ರು?" ಎಂದೆ.

"ಮಾರಾಯ, ಇವತ್ತಾದ್ರೆ ಒಂದು ಸಾಲು. ನಾಳೆಗೆ ಒಂದು ಪುಟ ಆಗುತ್ತೆ" ಎಂದು ಅನ್ನಕ್ಕೆ ಕೈ ಹಾಕಿದ. ನನಗೆ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಏಪ್ರಿಲ್ 5, ಶನಿವಾರ

ಅಪ್ಪ ಮನೆಗೆ ಬಂದು ಎರಡು ದಿನ. ನಾನು ರಜೆ ಹಾಕಿದ್ದೇನೆ. ಹಗಲು ಪೂರ್ತಿ ಒಬ್ಬನೇ ನೋಡಿಕೊಂಡರೆ ಗೊತ್ತಾಗುತ್ತದೆ ಗಡಿಯಾರಮ್ಮ ಏನೇನು ಮಾಡುತ್ತಿದ್ದಳು ಎಂದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಊಟದ ಮೊದಲು ಬಾಯಿ ತೊಳೆಸಬೇಕು, ಊಟದ ನಂತರ ಅರ್ಧ ಗಂಟೆ ಮಲಗಲು ಬಿಡಬಾರದು. ಒಂದು ಬಟ್ಟಲು ಗಂಜಿಗೆ ನಲವತ್ತು ನಿಮಿಷ. ಅವಳ ಅಕ್ಷರ ಪುಸ್ತಕದ ತುಂಬ ಇದೆ. "ಇವತ್ತು ಕಿಟಕಿ ನೋಡಿ ಪಾರಿವಾಳ ಅಂದರು" ಎಂದು ಒಂದು ಕಡೆ ಬರೆದಿದ್ದಾಳೆ. ನಾನು ಈವರೆಗೆ ಓದೇ ಇರಲಿಲ್ಲ.

ಥೆರಪಿಸ್ಟ್ ಮೇಡಂ ಬಂದಿದ್ದರು. ಅಪ್ಪ ಊಟಕ್ಕೆ ಮುಖ ತಿರುಗಿಸುವುದನ್ನು ನೋಡಿ, "ಮೊದಲು ಏನು ಇಷ್ಟ ಇತ್ತು ಇವರಿಗೆ?" ಎಂದು ಕೇಳಿದರು.

"ಮಾಂಸ. ಸುಟ್ಟ ಮಾಂಸ."

"ಮತ್ತೆ ಅದನ್ನೇ ಕೊಡಿ. ಮೇಲಿನ ಗಟ್ಟಿ ಪದರ ಕತ್ತರಿಸಿ ತೆಗೀರಿ, ಒಳಗಿನದನ್ನ ಸಾರಿನ ಜೊತೆ ನುಣ್ಣಗೆ ರುಬ್ಬಿ, ಜರಡಿ ಹಿಡೀರಿ. ಚಮಚ ಓರೆ ಮಾಡಿದ್ರೆ ಮುದ್ದೆಯಾಗಿ ಜಾರಬೇಕು, ಹರೀಬಾರ್ದು, ಅಂಟಬಾರ್ದು. ಚೂರು ಇರಬಾರ್ದು ಅಂದೆ ನಾನು. ಮಾಂಸ ಬೇಡ ಅಂತ ಯಾವಾಗ ಅಂದೆ?"

ಒಂದು ಮಾತು ಕೇಳಿದ್ದರೆ ಆಗಿತ್ತು. ಕೇಳಿದರೆ ಬೈಯುತ್ತಾರೆಂದು ಕೇಳಲಿಲ್ಲ. ಮೇಡಂ ಹೋದಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಏಪ್ರಿಲ್ 9, ಬುಧವಾರ

ಏಜೆನ್ಸಿಗೆ ಫೋನ್ ಮಾಡಿ, ಅಪ್ಪನನ್ನು ನೋಡಿಕೊಳ್ಳುತ್ತಿದ್ದವರಿಗೆ ಬೇರೆ ಮನೆ ಸಿಕ್ಕಿತೇ ಎಂದು ಕೇಳಿದೆ. "ಊಟ ಮಾಡಿಸೋದ್ರಲ್ಲಿ ಅಜಾಗರೂಕತೆ ಅಂತ ದೂರು ಇದೆಯಲ್ಲ ಸಾರ್, ರೋಗಿಗಳ ಹತ್ತಿರ ಬಿಡೋ ಹಾಗಿಲ್ಲ. ಒಂದು ಕ್ಲಿನಿಕ್ಕಿಗೆ ನೆಲ ಒರೆಸೋಕೆ ಹಾಕಿದ್ದೀವಿ" ಎಂದರು. ವಿಳಾಸ ಕೊಟ್ಟರು.

ಪಕ್ಕದ ಮನೆಯ ಅಜ್ಜಿಯನ್ನು ಅಪ್ಪನ ಬಳಿ ಕೂರಿಸಿ ಹೋದೆ. ಗಾಜಿನ ಬಾಗಿಲ ಹೊರಗೆ ನಿಂತೆ. ಒಳಗೆ ಅವರು ಬಗ್ಗಿ ಒರೆಸುತ್ತಿದ್ದರು. ಬೆಂಚಿನ ಮೇಲೊಬ್ಬ ಮುದುಕ ಕೆಮ್ಮಿದ, ನೀರಿನ ಬಾಟಲಿ ಕೈತಪ್ಪಿ ಉರುಳಿತು. ಅವರು ಥಟ್ಟನೆ ಎದ್ದು ಎರಡು ಹೆಜ್ಜೆ ಹೋದರು, ನಿಂತರು. ಕೌಂಟರಿನವಳ ಕಡೆ ನೋಡಿದರು. ಮತ್ತೆ ಬಗ್ಗಿ ನೆಲ ಒರೆಸತೊಡಗಿದರು. ಮುದುಕ ಕೆಮ್ಮುತ್ತಲೇ ಇದ್ದ.

ನಾನು ಒಳಗೆ ಹೋಗಲಿಲ್ಲ. ಹೇಡಿ ಎಂದು ಬರೆದರೆ ಹಗುರವಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ.

ಏಪ್ರಿಲ್ 10, ಗುರುವಾರ

ಅಪ್ಪನ ಪಕ್ಕ ಕೂತು ಕೇಳಿಯೇಬಿಟ್ಟೆ. "ಅವತ್ತು ಯಾಕಪ್ಪ ತಲೆ ಆಡಿಸಿದೆ? ನನ್ನ ಉಳಿಸೋಕಾ?"

ಅಪ್ಪ ಬಹಳ ಹೊತ್ತು ಬಾಯಿ ಆಡಿಸಿದ. ಪದ ಹುಡುಕುತ್ತಿದ್ದ. ಕೊನೆಗೆ ಎಡಗೈಯಿಂದ ಗೋಡೆ ಮುಟ್ಟಿದ. "ಮನೆ" ಎಂದ. ಮತ್ತೆ, "ಮನೆ."

ಇಷ್ಟು ದಿನ ಅಪ್ಪನ ತ್ಯಾಗ ಎಂದು ಎದೆ ಭಾರ ಮಾಡಿಕೊಂಡು ತಿರುಗಿದೆನಲ್ಲ! ತ್ಯಾಗವೂ ಇಲ್ಲ ಏನೂ ಇಲ್ಲ. ಎಲ್ಲಿ ತನ್ನನ್ನು ಒಯ್ದು ಆರೈಕೆ ಕೇಂದ್ರಕ್ಕೆ ಹಾಕುತ್ತಾರೋ ಎಂದು ಹೆದರಿ ತಲೆಯಾಡಿಸಿದ್ದಾನೆ. ನಾನೂ ಹೆದರಿ ಬಾಯಿ ಮುಚ್ಚಿದೆ. ಇಬ್ಬರು ಗಂಡಸರು ಸೇರಿ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡೆವು.

"ಹೇಳ್ಬೇಕಪ್ಪ" ಎಂದೆ. ಅಪ್ಪ ಗೋಡೆಯಿಂದ ಕೈ ತೆಗೆಯಲಿಲ್ಲ. ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಬೇಡ ಅನ್ನುವುದು ಅವನಿಗೆ ಚೆನ್ನಾಗಿ ಬರುತ್ತದೆ.

ಏಪ್ರಿಲ್ 13, ಭಾನುವಾರ

ಅಕ್ಕ ಬಂದಳು. ಚಹಾ ಲೋಟ ಅವಳ ಕೈಗಿಟ್ಟು, ಕೂರದೆ ಹೇಳಿದೆ. ಪ್ಯಾನಿನಿಂದ ಶುರುಮಾಡಿ ಸಹಿವರೆಗೆ. ಎರಡು ನಿಮಿಷವೂ ಹಿಡಿಯಲಿಲ್ಲ. ಇದಕ್ಕೆ ಇಷ್ಟು ದಿನ ಬೇಕಾಯಿತು.

"ಎಷ್ಟು ದಿನ ಆಯ್ತೋ?" ಎಂದಳು.

"ಇಪ್ಪತ್ತೈದು."

ಬೈಯುತ್ತಾಳೆಂದು ಬೆನ್ನು ಗಟ್ಟಿಮಾಡಿಕೊಂಡೆ. ಬೈಯಲಿಲ್ಲ. ಚಹಾ ಕುಡಿಯದೆ ಕೆಳಗಿಟ್ಟಳು. "ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳು ಅಂತ ಪಾಠ ಮಾಡಿದ್ದೀನಿ. ಆ ಹೆಂಗಸು ನನ್ನೆದುರು ನಿಂತು ನಿಜ ಹೇಳಿದ್ಲು. ನಾನು ಅದರ ಕೆಳಗೆ ಕೆಂಪು ಗೆರೆ ಎಳೆದೆ." ಅವಳ ಕಣ್ಣಲ್ಲಿ ನೀರು ನೋಡಿದ್ದು ಅಮ್ಮ ಹೋದಮೇಲೆ ಇದೇ ಮೊದಲು.

ಆಮೇಲೆ ಹೆಡ್‌ಮಿಸ್ಟ್ರೆಸ್ ವಾಪಸು ಬಂದಳು. "ಅಪ್ಪ ನಮ್ಮನೆಗೆ ಬರ್ತಾನೆ. ಆರೈಕೆ ಕೇಂದ್ರ ಇಲ್ಲ, ಇಲ್ಲೂ ಬೇಡ. ನೀನು ನೋಡೋಕೆ ಬಾ, ಬೇಡ ಅನ್ನಲ್ಲ. ಆದ್ರೆ ಅಪ್ಪನ ಬಾಯಿಗೆ ನಿನ್ನ ಕೈಯಿಂದ ಒಂದು ಹನಿ ನೀರೂ ಹಾಕೋ ಹಾಗಿಲ್ಲ. ತಿಳೀತಾ?"

ತಿಳಿಯಿತು ಎಂದೆ. ಎದುರಾಡಲು ನನಗೆ ಯಾವ ಮುಖ?

ಏಪ್ರಿಲ್ 14, ಸೋಮವಾರ

ಏಜೆನ್ಸಿ ಆಫೀಸು. ಅಕ್ಕ ದೂರು ವಾಪಸು ಪಡೆದಳು. ಕಾರಣ ಬರೆಯಲು ಜಾಗವಿತ್ತು. ಪೆನ್ನನ್ನು ನನ್ನ ಕೈಗೆ ಕೊಟ್ಟಳು. "ಹಿಂದಿನ ಸಂಜೆ ನಾನು ಗಟ್ಟಿ ಮಾಂಸ ಕೊಟ್ಟೆ. ಪುಸ್ತಕದಲ್ಲಿ ಸುಳ್ಳು ಬರೆದೆ. ಇವರದು ತಪ್ಪಿಲ್ಲ" ಎಂದು ಬರೆದೆ.

ಅವರನ್ನು ಕ್ಲಿನಿಕ್ಕಿನಿಂದ ಕರೆಸಿದ್ದರು. ಅದೇ ಚೀಲ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. "ತಪ್ಪಾಯ್ತಮ್ಮ. ಹೊಟ್ಟೆಗೆ ಹಾಕ್ಕೊಳ್ಳಿ" ಎಂದೆ. ಕಾಲು ಹಿಡಿಯಲು ಬಗ್ಗಿದರೆ ಕಾಲು ಹಿಂದಕ್ಕೆಳೆದುಕೊಂಡರು.

"ನನಗೆ ಅವತ್ತೇ ಗೊತ್ತಿತ್ತು ಅಣ್ಣ" ಎಂದರು. "ಬೆಳಗ್ಗೆ ಯಜಮಾನ್ರ ಬಾಯಿ ತೊಳೆಸುವಾಗ ಬಲಗೆನ್ನೆ ಸಂದೀಲಿ ಮಾಂಸದ ಎಳೆ ಸಿಕ್ತು. ಆ ಕಡೆ ಅವರಿಗೆ ಸ್ಪರ್ಶ ಇಲ್ಲ, ಇರೋದು ತಿಳಿಯಲ್ಲ. ಒರೆಸಿ ತೆಗೆದೆ. ಸಂಜೆ ನೀವು ಬಂದಾಗ ನಿಮ್ಮನ್ನೇ ಕೇಳೋಣ, ನೀವೇ ಪುಸ್ತಕದಲ್ಲಿ ಸೇರಿಸ್ತೀರ ಅಂದ್ಕೊಂಡೆ. ಅದು ನನ್ನ ತಪ್ಪು. ಎಳೆ ನೋಡಿದ ಕೂಡ್ಲೇ ಗಂಜಿ ಕೊಡದೆ ನಿಮಗೆ ಫೋನ್ ಮಾಡ್ಬೇಕಿತ್ತು."

ನಾನು ಇಪ್ಪತ್ತೈದು ದಿನ ಹೊತ್ತು ತಿರುಗಿದರೂ ಹೇಳಲಾಗದ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳಿದರು!

"ವಾರ್ಡಲ್ಲಿ ಯಾಕೆ ಹೇಳ್ಲಿಲ್ಲ ನೀವು?"

"ಯಾರು ನಂಬ್ತಿದ್ರು? ಎಳೆ ಬಿಸಾಕಿ ಆಗಿತ್ತು. ಪುಸ್ತಕದಲ್ಲಿ ಬೇರೆ ಇತ್ತು. ನೀವು ಎದುರಿಗೇ ನಿಂತಿದ್ರಿ, ಹೇಳ್ತೀರ ಅಂತ ಕಾದೆ." ಚೀಲದ ಪಟ್ಟಿ ನೇರ ಮಾಡಿಕೊಂಡರು. "ಬಸ್ ಸ್ಟಾಪಿನವರೆಗೂ ಕಾದೆ ಅಣ್ಣ. ಹಿಂದೆ ಓಡಿ ಬರ್ತೀರೇನೋ ಅಂತ ಎರಡು ಬಸ್ಸು ಬಿಟ್ಟೆ."

ಅಕ್ಕ ತನ್ನ ಮನೆಗೆ ಬರುತ್ತೀರಾ ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದರು.

ಏಪ್ರಿಲ್ 20, ಭಾನುವಾರ

ಅಪ್ಪನನ್ನು ಕರೆದುಕೊಂಡು ಹೋದರು. ಬಾಗಿಲು ದಾಟುವಾಗ ಚೌಕಟ್ಟು ಹಿಡಿದುಕೊಂಡುಬಿಟ್ಟ. ಬೆರಳು ಒಂದೊಂದಾಗಿ ಬಿಡಿಸಿದವನು ನಾನೇ.

ಏಪ್ರಿಲ್ 25, ಶುಕ್ರವಾರ

ಅವರು ಅಕ್ಕನ ಮನೆಗೆ ಬರುತ್ತಿದ್ದಾರಂತೆ. ಎಂಟಕ್ಕೆ ಒಂದು ನಿಮಿಷ ಮುಂಚೆ. ಅಪ್ಪ ಮೊದಲ ದಿನ ಅವರ ಸೆರಗು ಹಿಡಿದು ಅತ್ತನಂತೆ. "ಅಳೋದು ಆಮೇಲೆ, ಮೊದಲು ಬಾಯಿ ತೊಳೆಸೋಣ" ಎಂದರಂತೆ.

ಮೇ 4, ಭಾನುವಾರ

ಪ್ಯಾನನ್ನು ಚೀಲದಲ್ಲಿ ಹೊತ್ತು ಅಕ್ಕನ ಮನೆಗೆ ಹೋದೆ. ಅಕ್ಕ ಅಡುಗೆಮನೆಯ ಎರಡು ಕಿಟಕಿಯನ್ನೂ ತೆರೆದು, "ನನ್ನ ಗೋಡೆ ಕಪ್ಪಾದ್ರೆ ನೀನೇ ಸುಣ್ಣ ಬಳೀಬೇಕು" ಎಂದಳು. ತುಂಡುಗಳ ನೀರು ಒತ್ತಿ, ಎಣ್ಣೆ ಸವರಿ, ಒಣ ಪ್ಯಾನಿಗೆ ಹಾಕಿದೆ. ಬೆಂದ ಮೇಲೆ ಹತ್ತು ನಿಮಿಷ ತಣಿಯಲು ಬಿಟ್ಟು, ಮೇಲಿನ ಕಪ್ಪು ಪದರವನ್ನೆಲ್ಲ ಕತ್ತರಿಸಿ ತೆಗೆದೆ. ಒಳಗಿನ ಮೆತ್ತನೆಯದನ್ನು ಮೂಳೆ ಬೇಯಿಸಿದ ಸಾರಿನೊಂದಿಗೆ ರುಬ್ಬಿದೆ. ಒಂದು ಸಲ ಜರಡಿ ಹಿಡಿದೆ. ನಂಬಿಕೆ ಬರದೆ ಮತ್ತೊಂದು ಸಲ ಹಿಡಿದೆ. ನೋಡಲು ಇಟ್ಟಿಗೆ ಬಣ್ಣದ ಗಾರೆ. ವಾಸನೆ ಮಾತ್ರ ಸುಟ್ಟ ಮಾಂಸದ್ದೇ.

ಬಟ್ಟಲನ್ನು ಅಪ್ಪನನ್ನು ನೋಡಿಕೊಳ್ಳುವ ಅವರ ಕೈಗೆ ಕೊಟ್ಟು ಬಾಗಿಲ ಬಳಿ ನಿಂತೆ. ಅವರು ಚಮಚದಲ್ಲಿ ತೆಗೆದು ಓರೆ ಮಾಡಿದರು. ಮುದ್ದೆಯಾಗಿ ಜಾರಿತು. ಬೆರಳುಗಳ ನಡುವೆ ತಿಕ್ಕಿ ನೋಡಿದರು, ಚೂರಿಲ್ಲ. ಅಪ್ಪ ಬಟ್ಟಲನ್ನೇ ನೋಡುತ್ತಿದ್ದ.

"ಬನ್ನಿ ಅಣ್ಣ" ಎಂದರು. ಚಮಚ ನನ್ನ ಕಡೆ ಚಾಚಿದ್ದರು. "ನೀವೇ ಕೊಡಿ. ನಾನು ಪಕ್ಕದಲ್ಲೇ ಇರ್ತೀನಿ."

ಅಕ್ಕನ ಮುಖ ನೋಡಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಅವರನ್ನು ನೋಡಿ ಮುಚ್ಚಿಕೊಂಡಳು. ಚಮಚ ತೆಗೆದುಕೊಂಡು ಅಪ್ಪನ ಎದುರು ಕೂತೆ. ಅವರು ನನ್ನ ಮಣಿಕಟ್ಟಿನ ಕೆಳಗೆ ಎರಡು ಬೆರಳು ಆನಿಸಿದರು. ಅಪ್ಪ ಬಾಯಿ ತೆರೆದ. ಇಟ್ಟೆ. ಅವನು ಕಣ್ಣು ಮುಚ್ಚಿದ. ಗಂಟಲು ಮೇಲೆ ಹೋಯಿತು, ಕೆಳಗೆ ಬಂತು.

"ಇಳೀತು" ಎಂದೆ.

"ಬಾಯೊಳಗೆ ನೋಡಿ, ಆಮೇಲೆ ಹೇಳಿ" ಎಂದರು.

ಬಾಯಿ ತೆರೆಸಿ ನೋಡಿದೆ. ನಾಲಿಗೆಯ ಮೇಲೆ, ಕೆಳಗೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಬಲಗೆನ್ನೆಯ ಸಂದಿಯಲ್ಲಿ ಹಿಂದಿನವರೆಗೂ ಸವರಿದೆ. ಬಟ್ಟೆ ಬಿಡಿಸಿ ಬೆಳಕಿಗೆ ಹಿಡಿದು ಅವರಿಗೂ ತೋರಿಸಿದೆ. ಏನೂ ಇರಲಿಲ್ಲ. ಆಮೇಲೆ ಹೇಳಿದೆ.